ಪ್ಲಿಮ್‌ಸೋಲ್ಸ್ ಕ್ಯಾಸೆಟ್ಟಿನೊಳಗಿನ 60 ಹರ್ಟ್ಜ್

ಅರವತ್ತರ ದಶಕದ ಬೀಟಲ್ಸ್ ಮಾದರಿಯ ಇಂಪಾದ ಚಿಕ್ಕ ಹಾಡುಗಳನ್ನು ಗಿಟಾರಿನ ಬಿರುಸಿನೊಂದಿಗೆ ನುಡಿಸುವ ಪವರ್ ಪಾಪ್ ಪ್ರಕಾರದಲ್ಲಿ ಲಾಸ್ ಏಂಜಲೀಸ್‌ನ ಪ್ಲಿಮ್‌ಸೋಲ್ಸ್ ತಂಡಕ್ಕೆ ವಿಶೇಷ ಸ್ಥಾನವಿದೆ. ‘ನರ್ವ್ಸ್’ ಎಂಬ ಇನ್ನೂ ಅಲ್ಪಾಯುಷಿಯಾದ ತಂಡದಲ್ಲಿದ್ದ ಪೀಟರ್ ಕೇಸ್ ಇದರ ಗಾಯಕರು. 1980ರಲ್ಲಿ ಒಂದು ಕಿರುಮುದ್ರಿಕೆ, 1981ರಲ್ಲಿ ಪ್ಲಾನೆಟ್ ಕಂಪನಿಯಿಂದ ಮೊದಲ ಆಲ್ಬಮ್, 1982ರಲ್ಲಿ ತಮ್ಮದೇ ‘ಶೇಕಿ ಸಿಟಿ’ ಲೇಬಲ್ಲಿನಲ್ಲಿ ಒಂದು ಸಿಂಗಲ್, 1983ರಲ್ಲಿ ಗೆಫೆನ್‌ನಿಂದ ಎರಡನೆಯ ಆಲ್ಬಮ್. ಅದಾದ ಸ್ವಲ್ಪ ಕಾಲದಲ್ಲೇ ತಂಡ ಚದುರಿಹೋಯಿತು. ಈ ಮುದ್ರಿಕೆಗಳನ್ನು ನಾನು ಬಹಳ ಮೆಚ್ಚುತ್ತೇನೆ. ಆದರೂ ಈ ನಾಲ್ವರ ನಿಜವಾದ ಕಸುವು ವೇದಿಕೆಯ ಮೇಲಿನ ನುಡಿಸಾಣಿಕೆಯಲ್ಲಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನನ್ನ ಸೋದರಮಾವ ಆ ವರ್ಷಗಳಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕೆಲಸದಲ್ಲಿದ್ದರು. ಅವರು ಬೆಂಗಳೂರಿಗೆ ಮರಳಿದಾಗ ತಂದ ಪೆಟ್ಟಿಗೆಯಲ್ಲಿ ಈ ತಂಡದ ಕಾರ್ಯಕ್ರಮವೊಂದರ ಕ್ಯಾಸೆಟ್ ಇತ್ತು. ಅದರ ಮೇಲೆ ತಂಡದ ಹೆಸರನ್ನು ಬಿಟ್ಟು ದಿನಾಂಕವಾಗಲಿ ಸ್ಥಳವಾಗಲಿ ಬರೆದಿರಲಿಲ್ಲ. “ಕೊಟ್ಟವನಿಗೇ ಅದು ಯಾವತ್ತಿನದು ಅಂತ ಗೊತ್ತಿರಲಿಲ್ಲ ಕಣೋ, ಅವನೂ ಇನ್ಯಾರದ್ದೋ ಕಾಪಿ ಮಾಡಿಸಿಕೊಂಡಿದ್ದ” ಎಂದು ಮಾವ ಹೇಳಿದರು. ಹಳೆಯ ಗಮಕ, ಹರಿಕಥೆ, ಸುಗಮ ಸಂಗೀತದ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವುದು ನನ್ನ ವೃತ್ತಿಯಾದ್ದರಿಂದ ಇದನ್ನೂ ಅದೇ ಶಿಸ್ತಿನಿಂದ ಕೈಗೆತ್ತಿಕೊಂಡೆ.

ಕ್ಯಾಸೆಟ್ಟಿನೊಳಗಿನ ಒತ್ತುಪಟ್ಟಿಯ ಸ್ಪಂಜು ಪುಡಿಯಾಗಿತ್ತು. ಟೇಪನ್ನು ಸ್ಕ್ರೂ ಇರುವ ಹೊಸ ಕವಚಕ್ಕೆ ವರ್ಗಾಯಿಸಿ, ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿದೆ. ಬಳಿಕ 3,150 ಹರ್ಟ್ಜ್ ಸ್ವರವಿರುವ ಪರೀಕ್ಷಾ ಟೇಪಿನಿಂದ ನನ್ನ ಡೆಕ್ಕಿನ ವೇಗವನ್ನು ಸರಿಪಡಿಸಿಕೊಂಡೆ. ಇದನ್ನು ಮೊದಲೇ ಮಾಡದಿದ್ದರೆ ಮುಂದೆ ಕಾಣುವ ವ್ಯತ್ಯಾಸ ಟೇಪಿನದೋ ಯಂತ್ರದ್ದೋ ಎಂಬುದು ತಿಳಿಯುವುದಿಲ್ಲ. ಟೇಪನ್ನು ಓದುವ ಹೆಡ್ಡಿನ ಓರೆಯನ್ನು ಈ ಟೇಪಿಗೆ ಹೊಂದಿಸಲು ಎರಡೂ ಚಾನೆಲ್ಲುಗಳನ್ನು ಮೋನೋ ಆಗಿ ಕೂಡಿಸಿ ಕೇಳುತ್ತಾ, ಸಿಂಬಲ್ಲಿನ ಸದ್ದು ಅತ್ಯಂತ ಸ್ಪಷ್ಟವಾಗುವವರೆಗೆ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದೆ. ಟೇಪಿನ ಹಿಸ್ ಸದ್ದನ್ನು ತಗ್ಗಿಸುವ ಡಾಲ್ಬಿ ವ್ಯವಸ್ಥೆಯನ್ನು ಆಫ್ ಮಾಡಿ, 24 ಬಿಟ್, 96 ಕಿಲೋಹರ್ಟ್ಜ್‌ನಲ್ಲಿ ಧ್ವನಿಯನ್ನು ಇಳಿಸಿಕೊಂಡೆ.

ಹಾಡುಗಳೆಲ್ಲ ಆಲ್ಬಮ್ಮಿನಲ್ಲಿ ಇರುವುದಕ್ಕಿಂತ ತುಸು ಏರಿದ ಶ್ರುತಿಯಲ್ಲಿದ್ದವು. ಅದನ್ನು ಆಲ್ಬಮ್ಮಿಗೆ ಸಮನಾಗಿಸಿಬಿಡುವುದು ಸುಲಭವಾಗಿತ್ತಾದರೂ ಸರಿಯಾದ ದಾರಿಯಾಗಿರಲಿಲ್ಲ. ಗಿಟಾರುಗಳನ್ನು ಅಂದು ಯಾವ ಶ್ರುತಿಗೆ ಕೂಡಿಸಿದ್ದರೆಂಬುದನ್ನು ಆಲ್ಬಮ್ ಹೇಳಲಾರದು. ಟೇಪು ವೇಗವಾಗಿ ಓಡಿದರೆ ಶ್ರುತಿ ಏರುತ್ತದೆ; ಆ ವೇಗವನ್ನು ಹೇಳಬಲ್ಲದ್ದು ವಿದ್ಯುತ್ತು. ಅಮೆರಿಕದ ವಿದ್ಯುತ್ ಪೂರೈಕೆಯ ಆವರ್ತನ 60 ಹರ್ಟ್ಜ್, ನಮ್ಮಲ್ಲಿ 50. ಗಿಟಾರ್ ಆಂಪ್ಲಿಫೈಯರುಗಳ ಗುಂಯ್ ಎನ್ನುವ ನಾದ ಹಾಡುಗಳ ನಡುವಿನ ಬಿಡುವಿನಲ್ಲೂ ನಿಲ್ಲದೆ ಟೇಪಿನಲ್ಲಿ ಉಳಿಯುತ್ತದೆ. ಅಂಥ ಬಿಡುವುಗಳನ್ನು ಆಯ್ದು, ಆವರ್ತನ ವಿಶ್ಲೇಷಣೆಗೆ ಒಡ್ಡಿದೆ. ತೆರೆಯ ಮೇಲೆ ಮೂರು ಸಣ್ಣ ಗೆರೆಗಳು ಮೂಡಿದವು. 50ರ ಗೆರೆ ನನ್ನ ಮನೆಯ ವಿದ್ಯುತ್ತಿನದು, ಇಳಿಸುವಾಗ ಸೇರಿದ್ದು. ಇನ್ನೆರಡು 60.6 ಮತ್ತು 61.5ರ ಬಳಿ ಇದ್ದವು.

ಎರಡೇಕೆ? ವೇದಿಕೆಯ ಗುಂಯ್ ನಾದವನ್ನು ಒಂದು ಯಂತ್ರ ಮುದ್ರಿಸಿಕೊಂಡಿತು. ಅದರಿಂದ ಕಾಪಿ ತೆಗೆದ ಯಂತ್ರವು ತನ್ನ ಕೋಣೆಯ ವಿದ್ಯುತ್ತಿನ ನಾದವನ್ನೂ ಸೇರಿಸಿತು. ಪ್ರತಿ ತಲೆಮಾರಿನ ಕಾಪಿಯೂ ಹೀಗೆ ತನ್ನದೊಂದು ಗೆರೆಯನ್ನು ಬಿಟ್ಟುಹೋಗುತ್ತದೆ. ಹಾಡು ಮುಗಿದು ಗಿಟಾರಿನ ವಾಲ್ಯೂಮ್ ತಗ್ಗಿದಾಗಲೆಲ್ಲ ಕುಗ್ಗುತ್ತಿದ್ದುದು 61.5ರ ಗೆರೆ ಮಾತ್ರ, ಇನ್ನೊಂದು ಕದಲುತ್ತಿರಲಿಲ್ಲ. ಆದ್ದರಿಂದ 61.5 ವೇದಿಕೆಯದು, 60.6 ಕಾಪಿಯದು ಎಂದು ನಿರ್ಧರಿಸಿದೆ. ಟೇಪು ಶೇಕಡಾ ಎರಡೂವರೆಯಷ್ಟು, ಎಂದರೆ ಹಾರ್ಮೋನಿಯಮ್ಮಿನ ಅಕ್ಕಪಕ್ಕದ ಎರಡು ಸ್ವರಗಳ ಅಂತರದ ಅರ್ಧಕ್ಕೆ ಕೊಂಚ ಕಡಿಮೆಯಷ್ಟು, ವೇಗವಾಗಿತ್ತು. ವೇಗವನ್ನು ಆ ಪ್ರಮಾಣದಲ್ಲಿ ತಗ್ಗಿಸಿದಾಗ ಪೀಟರ್ ಕೇಸ್ ಅವರ ಕಂಠಕ್ಕೆ ಅದರ ಸಹಜವಾದ ಒರಟು ಮರಳಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕನ್ನಡದ ಟೇಪುಗಳಲ್ಲಿ ಈ ಉಪಾಯ ಇಷ್ಟು ನಿಚ್ಚಳವಾಗಿ ಒದಗುವುದಿಲ್ಲ. ಅಲ್ಲಿ ಮೂಲದ ನಾದವೂ ನನ್ನ ಮನೆಯ ನಾದವೂ ಎರಡೂ 50ರ ಆಸುಪಾಸಿನಲ್ಲೇ ಇರುತ್ತವೆ.

ಇನ್ನುಳಿದದ್ದು ಯಾವ ರಾತ್ರಿಯದೆಂಬ ಪ್ರಶ್ನೆ. ಲಾಸ್ ಏಂಜಲೀಸ್‌ನ ವಿಸ್ಕಿ ಎ ಗೋಗೋ ಎಂಬ ಸಂಗೀತ ಕ್ಲಬ್ಬಿನಲ್ಲಿ 1981ರ ಅಕ್ಟೋಬರ್ 31ರಂದು ತಂಡ ನೀಡಿದ ಕಾರ್ಯಕ್ರಮವು 2010ರಲ್ಲಿ ಸಿ.ಡಿ.ಯಾಗಿ ಬಂದಿದೆ. ವೇಗ ಸರಿಪಡಿಸಿದ ನನ್ನ ಪ್ರತಿಯನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿದೆ. ಹಾಡುಗಳು ಕೆಲವು ಒಂದೇ ಆಗಿದ್ದರೂ ಗಿಟಾರಿನ ಬಿಡಿ ನುಡಿಸಾಣಿಕೆ, ಹಾಡುಗಳ ನಡುವಿನ ಮಾತು, ಸಭಿಕರ ಕೂಗು ಯಾವುದೂ ಕೂಡಿಬರಲಿಲ್ಲ. ಇದು ಬೇರೆಯೇ ಒಂದು ರಾತ್ರಿಯ ಮುದ್ರಣ.

ತಿದ್ದದ ಮೂಲ ಫೈಲನ್ನೂ ತಿದ್ದಿದ ಪ್ರತಿಯನ್ನೂ ಧ್ವನಿಯ ಗುಣ ಕೆಡದಂತೆ ಉಳಿಸುವ ಫ್ಲಾಕ್ ರೂಪದಲ್ಲಿ ಬೇರೆಬೇರೆಯಾಗಿ ಇಟ್ಟು, ಗೆರೆಗಳ ಅಳತೆಯನ್ನು ಪಠ್ಯಕಡತವೊಂದರಲ್ಲಿ ಬರೆದು ಜೊತೆಗಿರಿಸಿದ್ದೇನೆ. ಹಕ್ಕುಗಳು ತಂಡದವರಿಗೆ ಸೇರಿದವಾದ್ದರಿಂದ ಅದನ್ನು ಎಲ್ಲಿಯೂ ಹಂಚಿಲ್ಲ. ಮಾವನಿಗೆ ಮಾತ್ರ ಒಂದು ಪ್ರತಿ ಕೊಟ್ಟಿದ್ದೇನೆ.