4 ಜಿಬಿ ರ್‍ಯಾಮ್‌ನ ಲಿನಕ್ಸ್ ಯಂತ್ರದಲ್ಲಿ ಕಂಪೈಲ್ ಅರ್ಧಕ್ಕೆ ನಿಂತರೆ

ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುವ ಎಷ್ಟೋ ಮಕ್ಕಳ ಕೈಯಲ್ಲಿರುವುದು ಅಣ್ಣನೋ ಅಕ್ಕನೋ ಬಳಸಿ ಬಿಟ್ಟ, 4 ಜಿಬಿ ರ್‍ಯಾಮ್‌ನ ಹಳೆಯ ಲ್ಯಾಪ್‌ಟಾಪ್. ಅದರಲ್ಲಿ ದೊಡ್ಡದೊಂದು ಸಿ ಪ್ಲಸ್ ಪ್ಲಸ್ ತಂತ್ರಾಂಶವನ್ನು ಕಂಪೈಲ್ ಮಾಡಲು, ಅಂದರೆ ಅದರ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರಲು ಹೋಗಿ, ಅದು ನಡುವೆ ನಿಂತಾಗ ಲಿನಕ್ಸನ್ನೇ ಮತ್ತೆ ಹಾಕಿಕೊಂಡವರನ್ನು ನಾನು ಕಂಡಿದ್ದೇನೆ. ಅದರ ಅಗತ್ಯವಿಲ್ಲ.

ಮೊದಲು ದೋಷ ಕೋಡ್‌ನದೋ ಮೆಮೊರಿಯದೋ ಎಂದು ತಿಳಿಯಬೇಕು. ಕೋಡ್ ತಪ್ಪಿದ್ದರೆ ಕಂಪೈಲರ್ ಫೈಲಿನ ಹೆಸರನ್ನೂ ಸಾಲಿನ ಸಂಖ್ಯೆಯನ್ನೂ ಹೇಳುತ್ತದೆ. ಮೆಮೊರಿ ಮುಗಿದಿದ್ದರೆ ಲಿನಕ್ಸಿನ ತಿರುಳಾದ ಕರ್ನಲ್ ಕಂಪೈಲರನ್ನೇ ಕೊಂದಿರುತ್ತದೆಯಾದ್ದರಿಂದ 'ಕಿಲ್ಡ್' ಎಂಬ ಪದ, ಜೊತೆಗೆ ಹೆಚ್ಚೆಂದರೆ ಸಿಸಿ1ಪ್ಲಸ್ (ಸಿ ಪ್ಲಸ್ ಪ್ಲಸ್ ಕಂಪೈಲರಿನ ಒಳಭಾಗ) ಎಂಬ ಹೆಸರು, ಇಷ್ಟೇ ಕಾಣುತ್ತದೆ. ಹಲವು ಕೆಲಸಗಳು ಒಟ್ಟಿಗೆ ನಡೆಯುವಾಗ ಈ ಸಾಲು ಕೊನೆಯಲ್ಲಿರದೆ ಬಹಳ ಮೇಲೆ ಹೋಗಿಬಿಟ್ಟಿರುತ್ತದೆ. ಆದ್ದರಿಂದ ಔಟ್‌ಪುಟ್ಟನ್ನು ಒಂದು ಫೈಲಿಗೆ ಉಳಿಸಿಕೊಂಡು ಹುಡುಕುವುದು ಒಳ್ಳೆಯದು. ಅನಂತರ ರೂಟ್ (ಯಂತ್ರದ ಪೂರ್ಣಾಧಿಕಾರಿ) ಆಗಿ, ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೆಜ್ (dmesg) ಆಜ್ಞೆ ಕೊಟ್ಟು ನೋಡಿರಿ. 'ಔಟ್ ಆಫ್ ಮೆಮೊರಿ' ಎಂಬ ಸಾಲು ಸಿಕ್ಕರೆ ಸಂದೇಹ ಉಳಿಯುವುದಿಲ್ಲ.

ಬಹುತೇಕ ಸಲ ಕಾರಣ ಒಂದೇ: ಒಟ್ಟಿಗೆ ನಡೆಯುವ ಕೆಲಸಗಳು ಹೆಚ್ಚಾಗಿರುವುದು. ಟೆಂಪ್ಲೇಟ್‌ಗಳು ತುಂಬಿರುವ ಒಂದೇ ಒಂದು ಫೈಲ್ 1 ಜಿಬಿಗಿಂತ ಹೆಚ್ಚು ಮೆಮೊರಿ ಬೇಡಬಲ್ಲದು. ಕಂಪೈಲ್ ಕೆಲಸಗಳನ್ನು ಹಂಚಿ ನಡೆಸುವ ಸಾಧನಗಳು ಮೇಕ್ ಮತ್ತು ನಿಂಜಾ. ಮೇಕ್‌ಗೆ 'ಜೆ' ಆಯ್ಕೆಯನ್ನು ಸಂಖ್ಯೆಯಿಲ್ಲದೆ ಕೊಟ್ಟರೆ ಅದಕ್ಕೆ ಮಿತಿಯೇ ಇರುವುದಿಲ್ಲ. ನಿಂಜಾ ಅಂತೂ ಏನೂ ಹೇಳದಿದ್ದರೂ ಕೋರ್‌ಗಳ ಸಂಖ್ಯೆಗಿಂತ ಹೆಚ್ಚು ಕೆಲಸ ಹಚ್ಚುತ್ತದೆ. ಎರಡಕ್ಕೂ 'ಜೆ' ಆಯ್ಕೆಯಲ್ಲಿ 1 ಎಂದು ಸ್ಪಷ್ಟವಾಗಿ ಕೊಟ್ಟು, ಬ್ರೌಸರ್ ಮುಚ್ಚಿ, ಮತ್ತೆ ಓಡಿಸಿರಿ. ಅದಕ್ಕೂ ಮುನ್ನ 'ಮೇಕ್ ಕ್ಲೀನ್' ಕೊಡಬೇಡಿರಿ, ಅದು ಮುಗಿದುದನ್ನೆಲ್ಲ ಅಳಿಸುತ್ತದೆ; ಕೊಡದಿದ್ದರೆ ಮುಗಿದ ಫೈಲ್‌ಗಳು ಹಾಗೆಯೇ ಉಳಿದು, ಕೆಲಸ ನಿಂತಲ್ಲಿಂದ ಮುಂದುವರಿಯುತ್ತದೆ.

ಕೊನೆಯಲ್ಲಿ, ಲಿಂಕ್ ಮಾಡುವಾಗ (ಕಂಪೈಲ್ ಆದ ತುಣುಕುಗಳನ್ನು ಒಂದೇ ತಂತ್ರಾಂಶವಾಗಿ ಜೋಡಿಸುವಾಗ) ನಿಂತರೆ ಮಾತ್ರ ಈ ಉಪಾಯ ಸಾಲದು, ಏಕೆಂದರೆ ಅಲ್ಲಿ ಒಂದೇ ಪ್ರಕ್ರಿಯೆ ಅಷ್ಟೂ ಮೆಮೊರಿಯನ್ನು ಕೇಳುತ್ತದೆ. ಡೀಬಗ್ ಮಾಹಿತಿಯನ್ನೂ ಲಿಂಕ್ ವೇಳೆಯ ಆಪ್ಟಿಮೈಸೇಶನ್ನನ್ನೂ ತೆಗೆದುಹಾಕಿರಿ. ಅದೂ ಸಾಲದಿದ್ದರೆ ಡಿಸ್ಕಿನ ಜಾಗವನ್ನು ಮೆಮೊರಿಯಂತೆ ಬಳಸುವ ಸ್ವಾಪ್ ಫೈಲ್ ಬೇಕು: ಡಿಡಿ ಆಜ್ಞೆಯಿಂದ 4 ಜಿಬಿಯ ಫೈಲ್ ಮಾಡಿ, ಅನುಮತಿಯನ್ನು 600ಕ್ಕೆ ಇಳಿಸಿ, ಎಂಕೆಸ್ವಾಪ್ ಮತ್ತು ಸ್ವಾಪ್‌ಆನ್ ಆಜ್ಞೆಗಳನ್ನು ಕ್ರಮವಾಗಿ ಕೊಡಿರಿ. ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಇದ್ದರೆ ಈ ಕ್ರಮ ಬೇರೆ. ಹಾರ್ಡ್ ಡಿಸ್ಕ್ ಮೇಲೆ ಸ್ವಾಪ್ ಬಹಳ ನಿಧಾನ; ಆದರೂ ಕೆಲಸ ಮುಗಿಯುತ್ತದೆ, ನನಗೆ ಮುಖ್ಯವಾದುದು ಅದೇ. ಫೆಡೋರಾ, ಆರ್ಚ್‌ಗಳಲ್ಲಿ ತಾತ್ಕಾಲಿಕ ಫೈಲುಗಳ ಟಿಎಂಪಿ ಫೋಲ್ಡರ್ ರ್‍ಯಾಮ್‌ನಲ್ಲೇ ಇರುವುದರಿಂದ ಅಲ್ಲಿ ಕಂಪೈಲ್ ಮಾಡದೆ ಹೋಮ್ ಫೋಲ್ಡರಿನಲ್ಲಿ ಮಾಡಿರಿ.

ಇನ್ನೊಂದು ಲಕ್ಷಣವನ್ನು ಇದರೊಂದಿಗೆ ಬೆರೆಸಬಾರದು. ಓಡಿಸಿದಾಗಲೆಲ್ಲ ಬೇರೆ ಬೇರೆ ಫೈಲಿನಲ್ಲಿ 'ಇಂಟರ್ನಲ್ ಕಂಪೈಲರ್ ಎರರ್' ಬಂದು, ಡಿಮೆಸೆಜ್‌ನಲ್ಲಿ ಮೆಮೊರಿ ಮುಗಿದ ಸುಳಿವೇ ಇಲ್ಲದಿದ್ದರೆ ರ್‍ಯಾಮ್ ಕೆಟ್ಟಿರಬಹುದು, ಇಲ್ಲವೇ ಯಂತ್ರ ಮಿತಿಮೀರಿ ಬಿಸಿಯಾಗುತ್ತಿರಬಹುದು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ಯಾನಿನ ದೂಳು ತೆಗೆದು, ನಸುಕಿನಲ್ಲಿ ಒಮ್ಮೆ ಓಡಿಸಿ ನೋಡಿರಿ. ಆಗಲೂ ಅದೇ ಆದರೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಅನ್ನು ಒಂದು ರಾತ್ರಿ ಪೂರ್ತಿ ನಡೆಸಿ, ಒಂದೇ ಒಂದು ದೋಷ ತೋರಿದರೂ ಆ ರ್‍ಯಾಮ್ ಕಡ್ಡಿಯನ್ನು ಬದಲಿಸಿರಿ.