ಅಗಲ ಟೈರು ಹಾಕುವ ಮುಂಚೆ ಫ್ರೇಮಿನ ಸಂದು ಅಳೆಯಿರಿ

ಸ್ಟೀಲ್ ಫ್ರೇಮು ಮೆತ್ತಗೆ, ಅಲ್ಯೂಮಿನಿಯಂ ಗಡುಸು, ಕಾರ್ಬನ್ ಎರಡಕ್ಕೂ ಮೇಲು: ಸೈಕಲ್‌ನವರು ಕಾಫಿಗೆ ನಿಂತಲ್ಲೆಲ್ಲ ಈ ವಾದ ಎದ್ದೇ ಏಳುತ್ತದೆ. ನಿಜವೆಂದರೆ ಎರಡು ತ್ರಿಕೋನ ಸೇರಿ ಆದ ಫ್ರೇಮು ಮೇಲಿಂದ ಕೆಳಕ್ಕೆ ಬಾಗುವುದು ತೀರಾ ಕಡಿಮೆ. 28 ಮಿ.ಮೀ. ಟೈರಾದರೆ ಸರಿಯಾದ ಗಾಳಿಯಲ್ಲಿ 4 ಮಿ.ಮೀ. ಕುಗ್ಗುತ್ತದೆ. ತೆಳು ಸ್ಟೀಲ್ ಫೋರ್ಕು, ಉದ್ದನೆಯ ಸೀಟ್‌ಪೋಸ್ಟು ಸ್ವಲ್ಪ ಬಾಗುತ್ತವೆ, ಅಷ್ಟನ್ನು ಒಪ್ಪಬಹುದು. ಉಳಿದ ಸುಖವೆಲ್ಲ ಟೈರಿನದ್ದು. ಎಷ್ಟು ಅಗಲದ ಟೈರು ಒಳಗೆ ಹಿಡಿಸುತ್ತದೆ ಎನ್ನುವುದಷ್ಟೇ ಫ್ರೇಮಿನ ಕೈಯಲ್ಲಿದೆ.

ಮೊದಲು ಈಗಿರುವ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆ ಓದಿ. 28-622 ಅಂದರೆ ಟೈರಿನ ಅಗಲ 28 ಮಿ.ಮೀ., ಅದು ಕೂರುವ ರಿಮ್ಮಿನ ವ್ಯಾಸ 622. ರೋಡ್ ಸೈಕಲ್ಲುಗಳ 700ಸಿ ಚಕ್ರ ಎಂದರೆ ಇದೇ. ನಮ್ಮ ಊರುಗಳ ಕರಿ ಸೈಕಲ್ಲಿನ 28 x 1½ ಟೈರಿನದ್ದು 635. ಎರಡಕ್ಕೂ ‘28 ಇಂಚು’ ಎಂಬ ಹೆಸರಿದ್ದರೂ ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಅಂಗಡಿಯಲ್ಲಿ ಇಂಚು ಹೇಳಬೇಡಿ, ಈ ಮೂರಂಕಿ ಹೇಳಿ.

ಅಚ್ಚಾದ ಅಗಲವನ್ನೂ ಪೂರ್ತಿ ನಂಬುವಂತಿಲ್ಲ. ರಿಮ್ಮಿನ ಒಳ ಅಗಲ 17ರ ಬದಲು 21 ಮಿ.ಮೀ. ಇದ್ದರೆ ಅದೇ ಟೈರು ಸುಮಾರು ಒಂದೂವರೆ ಮಿ.ಮೀ. ಹೆಚ್ಚು ಅರಳುತ್ತದೆ. ಹೊಸ ಟೈರು ಗಾಳಿ ಹೊಡೆದ ಮರುದಿನ ಇನ್ನೂ ತುಸು ಹಿಗ್ಗುತ್ತದೆ. ಆದ್ದರಿಂದ ಒಂದು ದಿನ ಬಿಟ್ಟು ವರ್ನಿಯರ್‌ನಲ್ಲಿ ಅಳೆಯಿರಿ.

ಸಂದು ನೋಡಲು ಅಲೆನ್ ಕೀಗಳೇ ಸಾಕು. 4 ಮಿ.ಮೀ. ಕೀಯನ್ನು ಟೈರಿಗೂ ಫ್ರೇಮಿಗೂ ನಡುವೆ ತೂರಿಸಿ: ಪೆಡಲ್ಲಿನ ಅಚ್ಚು ಕೂರುವ ಬಿ.ಬಿ. (ಬಾಟಮ್ ಬ್ರಾಕೆಟ್) ಹಿಂದೆ, ಅಲ್ಲಿಂದ ಹಿಂದಿನ ಚಕ್ರದ ನಡುವಿಗೆ ಹೋಗುವ ಎರಡು ಕೊಳವೆಗಳಾದ ಚೈನ್‌ಸ್ಟೇಗಳ ನಡುವೆ, ಸೀಟ್‌ಟ್ಯೂಬಿನ ಹಿಂದೆ, ಫೋರ್ಕಿನ ತಲೆಯಡಿ, ಬ್ರೇಕಿನ ಕಮಾನಿನಡಿ. ಎಲ್ಲ ಕಡೆ, ಎರಡೂ ಮಗ್ಗುಲಲ್ಲಿ ಸಲೀಸಾಗಿ ಹೋಗಬೇಕು. ಮಳೆಗಾಲದಲ್ಲಿ ಮಲೆನಾಡಿನ ಕೆಸರಿನಲ್ಲಿ ಓಡಿಸುವವರು 6 ಮಿ.ಮೀ. ಕೀ ಬಳಸಲಿ. ಇಷ್ಟು ಜಾಗ ಯಾಕೆಂದರೆ, ಒಂದು ಸ್ಪೋಕು ಮುರಿದರೆ ಚಕ್ರ ಎರಡು ಮೂರು ಮಿ.ಮೀ. ವಾಲುತ್ತದೆ. ಆಗ ಟೈರು ಚೈನ್‌ಸ್ಟೇಯನ್ನು ಉಜ್ಜತೊಡಗುತ್ತದೆ. ಕಾರ್ಬನ್ ಫ್ರೇಮಿನಲ್ಲಿ ಆ ಉಜ್ಜು ಬಣ್ಣ ದಾಟಿ ನಾರಿಗೇ ಇಳಿಯುತ್ತದೆ.

ರಿಮ್ ಬ್ರೇಕಿನ ರೋಡ್ ಸೈಕಲ್ಲುಗಳಲ್ಲಿ ಅಡ್ಡಿ ಸಾಮಾನ್ಯವಾಗಿ ಬ್ರೇಕಿನದ್ದೇ. 39–49 ಮಿ.ಮೀ. ರೀಚ್‌ನ (ಬ್ರೇಕಿನ ಬೋಲ್ಟಿನಿಂದ ಪ್ಯಾಡಿನವರೆಗಿನ ಅಳತೆ) ಕ್ಯಾಲಿಪರ್, ಅಂದರೆ ರಿಮ್ ಹಿಡಿಯುವ ಬ್ರೇಕು, 28 ಮಿ.ಮೀ. ಟೈರಿಗೇ ಮುಗಿಯುತ್ತದೆ. ಇನ್ನೂ ಅಗಲ ಬೇಕೆಂದರೆ 47–57ರದ್ದು ಬೇಕು, ಆದರೆ ಅದರ ಪ್ಯಾಡು ರಿಮ್ಮಿಗೆ ಕೂರುವಂತೆ ಫ್ರೇಮೂ ಇರಬೇಕು. ಡಿಸ್ಕ್ ಬ್ರೇಕಿದ್ದರೆ ಚಿಕ್ಕ ರಿಮ್ಮಿನ 650ಬಿ ಚಕ್ರದ ದಾರಿಯೂ ಉಂಟು. ಅದರ ರಿಮ್ಮು 584, ಟೈರು 47 ಮಿ.ಮೀ. ಹಾಕಿದರೆ ಒಟ್ಟು ವ್ಯಾಸ 678. 700ಸಿಯ 28 ಮಿ.ಮೀ. ಟೈರಿನದ್ದೂ ಸರಿಯಾಗಿ ಅಷ್ಟೇ. ಹಾಗಾಗಿ ಪೆಡಲ್ಲಿನ ಎತ್ತರ ಬದಲಾಗದು. ಚೈನ್‌ಸ್ಟೇ ನಡುವೆ 47 ಹಿಡಿಸಬೇಕು, ಅಷ್ಟೇ ಷರತ್ತು.

ಇನ್ನು ಗಾಳಿ. ಅಗಲ ಟೈರು ಹಾಕಿ ಹಳೆಯ ಅಭ್ಯಾಸಕ್ಕೆ 100 ಪಿಎಸ್‌ಐ ಹೊಡೆದು ‘ಏನೂ ವ್ಯತ್ಯಾಸ ಇಲ್ಲ’ ಎನ್ನುವವರೇ ಹೆಚ್ಚು! ಅಮೆರಿಕದ ಸೈಕಲ್ ಬರಹಗಾರ ಫ್ರಾಂಕ್ ಬರ್ಟೊ ಕೊಟ್ಟ ಲೆಕ್ಕ ಇಂದಿಗೂ ಒಳ್ಳೆಯ ಆರಂಭ: ಭಾರ ಬಿದ್ದಾಗ ಟೈರು ತನ್ನ ಎತ್ತರದ 15% ಕುಗ್ಗಬೇಕು. 70 ಕೆ.ಜಿ. ಸವಾರ, 10 ಕೆ.ಜಿ. ಸೈಕಲ್ ಎಂದರೆ ಹಿಂದಿನ ಚಕ್ರಕ್ಕೆ ಸುಮಾರು 45, ಮುಂದಕ್ಕೆ 35 ಕೆ.ಜಿ. ಆ ಭಾರಕ್ಕೆ 28 ಮಿ.ಮೀ. ಟೈರಿಗೆ ಹಿಂದೆ 80, ಮುಂದೆ 60 ಪಿಎಸ್‌ಐ ಆಸುಪಾಸು. 32ಕ್ಕೆ 62 ಮತ್ತು 48. 37ಕ್ಕೆ 48 ಮತ್ತು 37. ಮೊದಲ ಓಟಕ್ಕೆ ಇಷ್ಟಿರಲಿ, ಆಮೇಲೆ 3 ಪಿಎಸ್‌ಐನಂತೆ ಇಳಿಸುತ್ತಾ ಹೋಗಿ. ತಿರುವಿನಲ್ಲಿ ಟೈರು ಹೊಯ್ದಾಡಿದರೆ ಅಥವಾ ಗುಂಡಿಯಲ್ಲಿ ರಿಮ್ಮು ಟಕ್ ಎಂದರೆ ಇಳಿಸಿದ್ದು ಅತಿಯಾಯಿತು. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಬಿದ್ದಿದ್ದರೆ ಮುಳ್ಳನ್ನು ಹುಡುಕಬೇಡಿ, ಗಾಳಿ ಕಡಿಮೆಯಾಗಿ ರಿಮ್ಮೇ ಕಚ್ಚಿದೆ.

ಗಟ್ಟಿ ಟೈರೇ ವೇಗ ಎಂಬ ನಂಬಿಕೆ ನುಣುಪಾದ ಟ್ರ್ಯಾಕಿನಲ್ಲಿ ಸರಿ. ತರಿ ಡಾಂಬರಿನಲ್ಲಿ ಗಟ್ಟಿ ಟೈರು ಪ್ರತಿ ಉಬ್ಬಿಗೂ ಸವಾರನನ್ನೇ ಎತ್ತಿಹಾಕುತ್ತದೆ, ಶಕ್ತಿ ಅಲ್ಲಿ ಸೋರುತ್ತದೆ. ಅಗಲಕ್ಕಿಂತ ಟೈರಿನ ಬಟ್ಟೆ (ರಬ್ಬರಿನೊಳಗಿನ ನೂಲಿನ ಪದರ, ಟೈರಿನ ಗೋಡೆ ಅದರದ್ದೇ) ಮುಖ್ಯ ಎನ್ನುವುದೂ ಸುಳ್ಳಲ್ಲ: ದಪ್ಪ ಗೋಡೆಯ 32, ತೆಳು ಗೋಡೆಯ 25ಕ್ಕಿಂತ ನಿಧಾನ. ಆದರೆ ತೆಳು ಗೋಡೆ ಜಲ್ಲಿಗೆ ಬೇಗ ಸೀಳುತ್ತದೆ. ದಿನಾ ಕೆಲಸಕ್ಕೆ ಹೋಗುವವರು ದಪ್ಪದ್ದನ್ನೇ ಆರಿಸಲಿ.

ಅಂಚಿನಲ್ಲಿ ಕೊಕ್ಕೆಯಿಲ್ಲದ ಹುಕ್‌ಲೆಸ್ ರಿಮ್ಮಿದ್ದರೆ ಚೌಕಾಸಿಗೆ ಜಾಗವಿಲ್ಲ. ರೋಡ್ ಟೈರಿಗೆ ಮಿತಿ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ. ಹುಕ್‌ಲೆಸ್‌ಗೆ ಸರಿ ಎಂದು ತಯಾರಕರು ಹೇಳಿದ ಟೈರನ್ನಷ್ಟೇ ಹಾಕಿ. ಮೇಲಿನ ಲೆಕ್ಕದ 80 ಪಿಎಸ್‌ಐ ಅಲ್ಲಿ ಅಪಾಯ: ಟೈರು ಅಂಚು ಬಿಟ್ಟು ಹಾರುತ್ತದೆ. ಭಾರ ಹೆಚ್ಚಿದ್ದರೆ ಟೈರು ಅಗಲ ಮಾಡಿ, ಗಾಳಿ ಏರಿಸಬೇಡಿ.

ಕೊನೆಗೆ ಎರಡು ಸಣ್ಣ ಕೆಲಸ. 25ರಿಂದ 32ಕ್ಕೆ ಹೋದರೆ ದೂರ ತೋರಿಸುವ ಸೈಕಲ್ ಮೀಟರಿನಲ್ಲಿ ಚಕ್ರದ ಸುತ್ತಳತೆಯನ್ನು 2105ರಿಂದ 2155 ಮಿ.ಮೀ.ಗೆ ಬದಲಿಸಿ, ಇಲ್ಲದಿದ್ದರೆ 100 ಕಿ.ಮೀ.ಗೆ ಎರಡು ಕಿ.ಮೀ. ಕಡಿಮೆ ತೋರಿಸುತ್ತದೆ. ಪೆಡಲ್ ಅಡ್ಡಕ್ಕಿಟ್ಟು ಹ್ಯಾಂಡಲ್ ತಿರುಗಿಸಿ, ಶೂ ತುದಿ ಮುಂದಿನ ಟೈರಿಗೆ ತಾಗುತ್ತದೆಯೇ ನೋಡಿ. ತಾಗಿದರೂ ಓಡಿಸಬಹುದು, ಆದರೆ ಟ್ರಾಫಿಕ್ಕಿನಲ್ಲಿ ನಿಧಾನವಾಗಿ ತಿರುಗುವಾಗ ಪೆಡಲ್ ತುಳಿಯಬೇಡಿ.