ರಾಕ್ ಆಲ್ಬಂ ಕವರ್ ಓದುವುದು ಹೇಗೆ? ಹಳೇಬೀಡು ನೋಡಿದವರಿಗೆ ಅರ್ಧ ಬಂದ ಹಾಗೇ

ಹಳೇಬೀಡಿನ ಗೋಡೆ ಮುಂದೆ ನಿಂತು, ಇಷ್ಟೊಂದು ತಲೆ ಇವೆ, ಮೇಲೊಂದು ಬೆಟ್ಟ ಇದೆ, ಅಂದ್ರೆ ಇದು ಕೈಲಾಸ ಎತ್ತುತ್ತಿರುವ ರಾವಣ ಅಂತ ಗೈಡ್ ಇಲ್ಲದೆ ಹೇಳುತ್ತೀರಲ್ವಾ? ರಾಕ್ ಆಲ್ಬಂಗಳ ಕವರ್ ಓದುವುದೂ ಹಾಗೇ. ಮೊದಲು ಕಣ್ಣಿಗೆ ಕಂಡಿದ್ದು, ಆಮೇಲೆ ಅರ್ಥ. ಜಾಸ್ತಿ ಜನ ಇದನ್ನು ಉಲ್ಟಾ ಮಾಡುತ್ತಾರೆ. ಅದಕ್ಕೇ ಇಲ್ಲದ ಸೈತಾನನೂ ಕಾಣುತ್ತಾನೆ.

ಮೊದಲ ಕೆಲಸ, ದೊಡ್ಡ ಚಿತ್ರ ಹುಡುಕಿ. ಈ ಕವರ್‌ಗಳನ್ನು ಮಾಡಿದ್ದು 12 ಇಂಚಿನ ಎಲ್‌ಪಿ ರೆಕಾರ್ಡಿಗೆ, ಮೊಬೈಲಿನ ಸಣ್ಣ ಚೌಕಕ್ಕಲ್ಲ. ಹಿಂದೆ, ಮುಂದೆ, ಒಳಗೆ ಎಲ್ಲಾ ನೋಡಿ. ಪಿಂಕ್ ಫ್ಲಾಯ್ಡ್‌ನ 'ಡಾರ್ಕ್ ಸೈಡ್ ಆಫ್ ದ ಮೂನ್' (1973) ಮುಂದೆ ಬರೀ ಬೆಳಕನ್ನು ಬಣ್ಣಗಳಾಗಿ ಒಡೆಯುವ ಪ್ರಿಸಂ. ಕವರ್ ಬಿಡಿಸಿದರೆ ಬಣ್ಣದ ಪಟ್ಟಿ ಒಳಗೂ ಹರಿದು ಇಸಿಜಿ ಗೆರೆಯ ಹಾಗೆ ಎದ್ದು ಬೀಳುತ್ತದೆ. ಆಲ್ಬಂ ಶುರುವಾಗುವುದೂ ಮುಗಿಯುವುದೂ ಎದೆಬಡಿತದಿಂದಲೇ. ಮುಂಭಾಗ ಮಾತ್ರ ನೋಡಿದವರಿಗೆ ಇದು ಸಿಗಲ್ಲ.

ಎರಡನೆಯದು, ಮಾಡಿದವರು ಯಾರು ಅಂತ ಕೇಳಿ. ಅದೇ ಬ್ಯಾಂಡಿನ 'ವಿಶ್ ಯು ವರ್ ಹಿಯರ್' (1975) ಕವರ್ ಹಿಪ್ನೋಸಿಸ್ ಅನ್ನುವ ವಿನ್ಯಾಸಕಾರರ ತಂಡದ್ದು. ಇಬ್ಬರು ಕೈಕುಲುಕುತ್ತಾರೆ, ಒಬ್ಬನಿಗೆ ಬೆಂಕಿ ಹತ್ತಿದೆ. ಆಲ್ಬಮ್ಮೇ 'ಇಲ್ಲದಿರುವಿಕೆ' ಬಗ್ಗೆ, ಬ್ಯಾಂಡ್ ಬಿಟ್ಟುಹೋದ ಸಿಡ್ ಬ್ಯಾರೆಟ್ ಬಗ್ಗೆ. ಅದಕ್ಕೇ ಚಿತ್ರ ಕಾಣದ ಹಾಗೆ ಕಪ್ಪು ಪ್ಲಾಸ್ಟಿಕ್ ಸುತ್ತಿ ಮಾರಿದರು. ಹೊದಿಕೆಯೂ ಸಂಕೇತವೇ!

ನಮ್ಮ ದೇವರು ಕಂಡಾಗ ಸ್ವಲ್ಪ ನಿಧಾನ. ಜಿಮಿ ಹೆಂಡ್ರಿಕ್ಸ್‌ನ 'ಆಕ್ಸಿಸ್: ಬೋಲ್ಡ್ ಆಸ್ ಲವ್' (1967) ಮೇಲೆ ವಿಷ್ಣುವಿನ ವಿಶ್ವರೂಪ ಇದೆ, ನಡುವೆ ಹೆಂಡ್ರಿಕ್ಸ್ ಮತ್ತು ಜೊತೆಗಾರರ ಮುಖ. ಹಾಸನದ ಅಜ್ಜಿಯೊಬ್ಬರು ಲಂಡನ್ನಿನ ವಿಮರ್ಶಕರಿಗಿಂತ ಬೇಗ ಇದನ್ನು ಗುರುತಿಸುತ್ತಾರೆ. ಹಾಗಂತ ಆತ ವಿಷ್ಣುಭಕ್ತ ಅಂತ ತೀರ್ಮಾನಿಸಿದರೆ ಕೆಟ್ಟಿತು. ಆ ಚಿತ್ರ ಹೆಂಡ್ರಿಕ್ಸ್‌ಗೇ ಹಿಡಿಸಿರಲಿಲ್ಲ, ತನ್ನ ಅಮೆರಿಕದ ಮೂಲನಿವಾಸಿ ಬೇರು ಕವರ್ ಮೇಲೆ ಬರಬೇಕಿತ್ತು ಅನ್ನುವುದು ಅವನ ಆಸೆ. ಬೀಟಲ್ಸ್‌ನ 'ಸಾರ್ಜೆಂಟ್ ಪೆಪರ್' (1967) ಕತೆ ಬೇರೆ. ಅಲ್ಲಿರುವ ಯೋಗಾನಂದ, ಲಾಹಿರಿ ಮಹಾಶಯ ಮೊದಲಾದ ನಾಲ್ವರು ಗುರುಗಳನ್ನು ಆರಿಸಿದ್ದು ಬ್ಯಾಂಡಿನ ಜಾರ್ಜ್ ಹ್ಯಾರಿಸನ್ನೇ. ಗಾಂಧೀಜಿಯೂ ಇದ್ದರು, ಭಾರತದವರು ಬೇಜಾರು ಮಾಡಿಕೊಂಡಾರು ಅಂತ ಕಂಪನಿ ತೆಗೆಸಿತು. ಯಾರು ಇಟ್ಟರು, ಯಾರು ತೆಗೆದರು, ಎರಡೂ ಗೊತ್ತಿರಬೇಕು.

ಇನ್ನು ನಿಮ್ಮ ಊಹೆಯನ್ನು ಪರೀಕ್ಷೆಗೆ ಹಾಕಿ. ಬೀಟಲ್ಸ್‌ನದೇ 'ಅಬ್ಬೆ ರೋಡ್' (1969) ಕವರಲ್ಲಿ ಪಾಲ್ ಮೆಕಾರ್ಟ್ನಿ ಬರಿಗಾಲಲ್ಲಿದ್ದಾನೆ, ಆದ್ದರಿಂದ ಸತ್ತಿದ್ದಾನೆ ಅಂತ ಜಗತ್ತೇ ಮಾತಾಡಿತು. ಹಿಂದಿನ ಕಾರಿನ ನಂಬರಲ್ಲಿ '28 ಇಫ್' ಇದೆ, ಬದುಕಿದ್ದರೆ 28 ವರ್ಷ ಅಂತ ಬೇರೆ ಸೇರಿಸಿದರು. ಲೆಕ್ಕ ಹಾಕಿ ನೋಡಿ, ಅವನಿಗೆ ಆಗ 27. ಅಲ್ಲಿರುವುದು 'ಐ' ಅಕ್ಷರವೂ ಅಲ್ಲ, 1. ಅವತ್ತು ತೆಗೆದದ್ದು ಆರು ಫೋಟೋ, ಕೆಲವದರಲ್ಲಿ ಕಾಲಲ್ಲಿ ಚಪ್ಪಲಿ ಇದೆ. ಸೆಕೆ ಇತ್ತು, ಕಳಚಿದ, ಅಷ್ಟೇ. ಆಯ್ಕೆಯಾಗದ ಫೋಟೋಗಳನ್ನು ನೋಡುವ ಅಭ್ಯಾಸ ಮಾಡಿಕೊಂಡರೆ ಇಂಥ ಅರ್ಧ ಕತೆಗಳು ಅಲ್ಲೇ ಸಾಯುತ್ತವೆ.

ಕೆಲವು ಗುರುತಿಗೆ ಉತ್ತರವೇ ಇಲ್ಲ. ಲೆಡ್ ಜೆಪ್ಲಿನ್‌ನ ನಾಲ್ಕನೇ ಆಲ್ಬಂನಲ್ಲಿ (1971) ನಾಲ್ವರಿಗೂ ಒಂದೊಂದು ಚಿಹ್ನೆ. ಜಿಮ್ಮಿ ಪೇಜ್ ತನ್ನದರ ಅರ್ಥ ಬಾಯಿಬಿಟ್ಟಿಲ್ಲ. ಸುಮ್ನೆ ಬಿಟ್ಟುಬಿಡಿ.

ಅಭ್ಯಾಸಕ್ಕೆ ಐರನ್ ಮೇಡನ್ ಒಳ್ಳೇದು. 'ಸಮ್‌ವೇರ್ ಇನ್ ಟೈಮ್' (1986) ಕವರ್ ತುಂಬಾ ಅವರದೇ ಹಳೇ ಹಾಡುಗಳ ಸುಳಿವು ತುಂಬಿವೆ. ಚಿತ್ರಕಾರ ಡೆರೆಕ್ ರಿಗ್ಸ್ ತನ್ನ ಪುಟ್ಟ ಗುರುತನ್ನೂ ಎಲ್ಲೋ ಬಚ್ಚಿಡುತ್ತಾನೆ. ಬೇಲೂರಿನ ಮದನಿಕೆಗಳ ಕೆಳಗೆ ದಾಸೋಜ, ಚಾವಣ ಹೆಸರು ಕೆತ್ತಿಲ್ವಾ, ಅದೇ ಥರ ಅದು ಸಹಿ. ಮಂತ್ರ ಗಿಂತ್ರ ಅಂದುಕೊಂಡು ತಲೆ ಕೆಡಿಸಿಕೊಳ್ಳಬೇಡಿ.